ಕೋಟಿಯ ಕಾರಿಗೂ ಗೇಣಿಯೇ?

ಹೊಸ ಕಾರು ಕೊಂಡವರು ತಮ್ಮ ಅನುಭವವನ್ನು ಬರೆದು ಪ್ರಕಟಿಸುವುದು ಈಗ ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. ಅದರಲ್ಲಿಯೂ ಕೋಟಿ ರೂಪಾಯಿ ಮೀರಿದ ಐಷಾರಾಮಿ ಸೆಡಾನ್ ಕೊಂಡವರ ಬರಹಗಳಿಗೆ ಒಂದು ಸಿದ್ಧ ಅಚ್ಚಿದೆ. ಮೊದಲನೆಯ ಪ್ಯಾರಾದಲ್ಲಿ ಬಾಗಿಲ ಹಿಡಿಕೆ ತಾನಾಗಿ ಹೊರಬಂದು ಸ್ವಾಗತಿಸಿದ್ದು. ಎರಡನೆಯದರಲ್ಲಿ ಆಸನವೇ ಬೆನ್ನು ತಿಕ್ಕಿದ್ದು. ಮೂರನೆಯದರಲ್ಲಿ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಹಬ್ಬಿದ ಗಾಜಿನ ಪರದೆ. ಕೊನೆಗೆ ಧನ್ಯತೆಯ ಒಂದು ಉದ್ಗಾರ. ಹೊಸ ಅಳಿಯ ಮೊದಲ ತಿಂಗಳಲ್ಲಿ ಮಾವನ ಮನೆಯಿಂದ ಬರೆದ ಕಾಗದದಂತೆ ಇವುಗಳಲ್ಲಿ ಎಲ್ಲವೂ ಸವಿ, ಎಲ್ಲವೂ ಸೊಗಸು.

ಇಂಥ ಬರಹಗಳನ್ನು ನಾವು ಆಸಕ್ತಿಯಿಂದಲೇ ಓದುತ್ತೇವೆ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಅವುಗಳಲ್ಲಿ ಎಲ್ಲಿಯೂ ಕಾಣೆವು. ಹಣ ಎಣಿಸಿಕೊಟ್ಟ ಮೇಲೆ ಈ ಕಾರು ನಿಜವಾಗಿ ಯಾರದು? "ಮಾಲೀಕರ ಅನಿಸಿಕೆ" ಎಂದು ತಲೆಬರಹ ಕೊಡುವ ಮಹನೀಯರು ತಾವು ಮಾಲೀಕರು ಹೌದೋ ಅಲ್ಲವೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು ಎಂಬುದೇ ನಮ್ಮ ವಾದ. ಇಂದಿನ ಐಷಾರಾಮಿ ಕಾರು ಮಾರಿದ ಮೇಲೂ ಮಾರಿದವನ ಹಿಡಿತ ಬಿಟ್ಟಿರುವುದಿಲ್ಲ. ಕೊಂಡವನು ಹೆಸರಿಗೆ ಒಡೆಯ, ಅನುಭವದಲ್ಲಿ ಗೇಣಿದಾರ.

ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತ ತಿರುವುವ ಗುಮಾಸ್ತರಿಗೆ ಈ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ಕೇಳುವುದು ನ್ಯಾಯವೇ. ಮರ್ಸಿಡಿಸ್ ಬೆಂಜ್ ಸಂಸ್ಥೆಯ ಇಕ್ಯೂಎಸ್ 580 ಎಂಬ ವಿದ್ಯುತ್ ಸೆಡಾನ್ ನಾವಿರುವ ಪುಣೆಯ ಮಗ್ಗುಲಿನ ಚಾಕಣದಲ್ಲಿ ಜೋಡಣೆಗೊಂಡು 2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾದಾಗ ಅದರ ಷೋರೂಮ್ ಬೆಲೆ 1 ಕೋಟಿ 55 ಲಕ್ಷ ರೂಪಾಯಿ. ಏಳನೆಯ ವೇತನ ಆಯೋಗವು ಕೆಳದರ್ಜೆ ಗುಮಾಸ್ತನಿಗೆ ಗೊತ್ತುಪಡಿಸಿದ ಆರಂಭದ ಮೂಲ ವೇತನ 19,900 ರೂಪಾಯಿ. ಭಾಗಿಸಿ ನೋಡಿದರೆ ಸುಮಾರು 779 ತಿಂಗಳು ಬರುತ್ತದೆ. ಅಂದರೆ ಉಪವಾಸವಿದ್ದು 65 ವರ್ಷ ದುಡಿಯಬೇಕು. ಸರಕಾರ ನಮ್ಮನ್ನು 60ಕ್ಕೇ ಹಾರ ಹಾಕಿ ಕಳುಹಿಸುತ್ತದೆ. ಆದ್ದರಿಂದ ನಮ್ಮ ಮಾತಿನಲ್ಲಿ ಹೊಟ್ಟೆಕಿಚ್ಚಿಗೂ ಅವಕಾಶವಿಲ್ಲ. ಕೈಗೆಟುಕದ ದ್ರಾಕ್ಷಿಯ ಹುಳಿ ಸಿಹಿ ನೋಡುವಷ್ಟು ಹತ್ತಿರವೂ ನಾವು ಹೋದವರಲ್ಲ.

ಆದರೂ ಮಾತನಾಡಲು ಎರಡು ಕಾರಣಗಳಿವೆ. ಮೊದಲನೆಯದು, ಇಂದು ಸಿರಿವಂತರ ಕಾರಿನಲ್ಲಿ ಬಂದದ್ದು ನಾಳೆ ನಮ್ಮ ಮಕ್ಕಳ ಕಾರಿಗೆ ಇಳಿಯುತ್ತದೆ. ಎರಡನೆಯದು, ಈ ಸಿರಿವಂತರ ಕಾರಿಗೆ ನಮ್ಮೆಲ್ಲರ ಬೊಕ್ಕಸದಿಂದಲೂ ಉಡುಗೊರೆ ಹೋಗುತ್ತಿದೆ. ಮೊದಲು ಮೊದಲನೆಯದನ್ನು ನೋಡೋಣ.

ಐಷಾರಾಮಿ ಸೆಡಾನುಗಳು ಲೋಕಕ್ಕೆ ಒಳ್ಳೆಯದನ್ನು ಮಾಡಿಲ್ಲವೆಂದು ನಾವು ಹೇಳುವುದಿಲ್ಲ. ಬ್ರೇಕು ಬಲವಾಗಿ ಒತ್ತಿದಾಗ ಗಾಲಿ ಸಿಕ್ಕಿಹಾಕಿಕೊಳ್ಳದಂತೆ ಕಾಯುವ ಎ.ಬಿ.ಎಸ್. ವ್ಯವಸ್ಥೆಯನ್ನು ಇದೇ ಮರ್ಸಿಡಿಸ್ ಸಂಸ್ಥೆ 1978ರಲ್ಲಿ ತನ್ನ ದೊಡ್ಡ ಎಸ್ ಕ್ಲಾಸ್ ಸೆಡಾನಿನಲ್ಲಿ ಕೊಟ್ಟಿತು. ಚಾಲಕನ ಎದೆ ಕಾಯುವ ಏರ್‌ಬ್ಯಾಗ್ 1981ರ ಹೊತ್ತಿಗೆ ಅದೇ ಕಾರಿನಲ್ಲಿ ಬಂತು. ನಮ್ಮ ದೇಶದಲ್ಲಿ ಇವೆರಡೂ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರಲ್ಲಿ. ನಲವತ್ತು ವರ್ಷ ತಡವಾದರೂ ಬಂತಲ್ಲ! ಇಂದು ನಮ್ಮ ಸಂಘದ ಸದಸ್ಯರು ಸಾಲ ಮಾಡಿ ಕೊಂಡ ಸಣ್ಣ ಕಾರು ಖಂಡಾಲಾ ಘಾಟಿನಲ್ಲಿ ಜಾರದೆ ನಿಲ್ಲುತ್ತದೆಂದರೆ, ಅದಕ್ಕೆ ಎಂದೋ ಯಾರೋ ಶ್ರೀಮಂತರು ಕೊಟ್ಟ ಬೆಲೆಯೂ ಕಾರಣ. ಆ ಋಣವನ್ನು ನಾವು ಒಪ್ಪುತ್ತೇವೆ.

ಆದರೆ ಆ ಕಾಲದ ಹೊಸ ತಂತ್ರಕ್ಕೂ ಈ ಕಾಲದ ಹೊಸ ತಂತ್ರಕ್ಕೂ ಇರುವ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಎ.ಬಿ.ಎಸ್. ಒಮ್ಮೆ ಕೊಂಡವನ ಸೇವಕನಾಯಿತೆಂದರೆ ಕೊನೆಯವರೆಗೂ ಅವನದೇ ಸೇವಕ. ಅದು ತಿಂಗಳು ತಿಂಗಳು ಶುಲ್ಕ ಕೇಳಲಿಲ್ಲ. ನೀವು ಎಲ್ಲಿ ಬ್ರೇಕು ಒತ್ತಿದಿರಿ ಎಂಬುದನ್ನು ವಿಮೆಯವರಿಗೆ ಹೋಗಿ ಹೇಳಲಿಲ್ಲ. ಕಾರನ್ನು ಇನ್ನೊಬ್ಬರಿಗೆ ಮಾರಿದರೆ ಮುನಿಸಿಕೊಂಡು ಕೆಲಸ ನಿಲ್ಲಿಸಲಿಲ್ಲ. ಇಂದಿನದು ಈ ಮೂರನ್ನೂ ಮಾಡಬಲ್ಲದು, ಮಾಡಿಯೂ ಇದೆ.

ಶುಲ್ಕದ ವಿಷಯ ನೋಡಿ. 2022ರಲ್ಲಿ ಬಿ.ಎಂ.ಡಬ್ಲ್ಯು. ಸಂಸ್ಥೆ ಬ್ರಿಟನ್ ಮೊದಲಾದ ಕೆಲವು ದೇಶಗಳಲ್ಲಿ ಆಸನ ಬಿಸಿ ಮಾಡುವ ಸೌಲಭ್ಯಕ್ಕೆ ತಿಂಗಳ ಚಂದಾ ಗೊತ್ತುಮಾಡಿತು. ಬ್ರಿಟನ್ನಿನಲ್ಲಿ ಅದು 15 ಪೌಂಡು. ನಾವು ಬಿ.ಎಸ್ಸಿ. ಓದಿದ್ದು ಹಳೆಯ ಮಾತಾದರೂ ಓಮ್‌ನ ನಿಯಮ ಮರೆತಿಲ್ಲ. ಆಸನ ಬಿಸಿಯಾಗುವುದೆಂದರೆ ಮೆತ್ತೆಯೊಳಗಿನ ತಂತಿಯಲ್ಲಿ ವಿದ್ಯುತ್ ಹರಿದು ಶಾಖವಾಗುವುದು, ಅಷ್ಟೆ. ನಮ್ಮ ಮನೆಯ ಇಸ್ತ್ರಿ ಪೆಟ್ಟಿಗೆಯ ವಿದ್ಯೆಯೇ ಅದು. ಆ ತಂತಿ ಆಗಲೇ ಆಸನದಲ್ಲಿದೆ. ಅದನ್ನು ಹೊತ್ತು ತಿರುಗುವುದು ನಿಮ್ಮ ಕಾರು. ಅದಕ್ಕೆ ಹರಿಯುವ ವಿದ್ಯುತ್ತು ನಿಮ್ಮ ಬ್ಯಾಟರಿಯದು. ಹಾಗಾದರೆ ಚಂದಾ ಯಾವುದಕ್ಕೆ? ಸ್ವಿಚ್ಚು ಒತ್ತಲು ಕೊಡುವ ಅಪ್ಪಣೆಗೆ! ಗಿರಾಕಿಗಳು ಗದ್ದಲವೆಬ್ಬಿಸಿದ ಮೇಲೆ 2023ರಲ್ಲಿ ಆ ಸಂಸ್ಥೆ ಈ ಪದ್ಧತಿಯನ್ನು ಕೈಬಿಟ್ಟಿತು. ಗದ್ದಲದಿಂದ ಪ್ರಯೋಜನವಿದೆ ಎಂಬುದಕ್ಕೆ ಇದೇ ಸಾಕ್ಷಿ.

ಇಕ್ಯೂಎಸ್ ವಿಷಯದಲ್ಲಿಯೂ ಹಾಗೆಯೇ. ಇಕ್ಕಟ್ಟಿನಲ್ಲಿ ಸುಲಭವಾಗಿ ತಿರುಗಲೆಂದು ಆ ಉದ್ದನೆಯ ಕಾರಿನ ಹಿಂದಿನ ಗಾಲಿಗಳೂ ಓರೆಯಾಗುತ್ತವೆ. ಜರ್ಮನಿಯಲ್ಲಿ ಅವು ಸಾಮಾನ್ಯವಾಗಿ 4.5 ಡಿಗ್ರಿ ಓರೆಯಾಗುತ್ತಿದ್ದವು. 10 ಡಿಗ್ರಿ ಬೇಕೆಂದರೆ ವರ್ಷಕ್ಕೆ 489 ಯೂರೋ ಕಟ್ಟಬೇಕೆಂದು ಗೊತ್ತುಮಾಡಲಾಗಿತ್ತು. ಗಾಲಿ ಅದೇ, ಅಚ್ಚು ಅದೇ, ಮೋಟಾರು ಅದೇ. ಹಣ ಕಟ್ಟಿದವನಿಗೆ ಹೆಚ್ಚು ತಿರುಗುತ್ತದೆ, ಕಟ್ಟದವನಿಗೆ ಕಡಿಮೆ. ಅಮೆರಿಕದಲ್ಲಿ ಇದೇ ಸಂಸ್ಥೆ 2022ರಲ್ಲಿ ತನ್ನ ಕೆಲವು ವಿದ್ಯುತ್ ಕಾರುಗಳ ಓಟದ ಚುರುಕು ಹೆಚ್ಚಿಸಿಕೊಳ್ಳಲು ವರ್ಷಕ್ಕೆ 1200 ಡಾಲರು ಶುಲ್ಕ ಸಾರಿತು. ಕುದುರೆ ಕೊಂಡವನಿಗೆ ಅದರ ನಾಗಾಲೋಟವನ್ನು ಬೇರೆಯಾಗಿ ಮಾರುವ ಈ ವ್ಯಾಪಾರವನ್ನು ನಮ್ಮ ಹಿರಿಯರು ಯಾವ ಜಾತ್ರೆಯಲ್ಲಿಯೂ ಕಂಡಿರಲಾರರು.

ಮುಂಬಯಿ ಕಂಡ ನಮ್ಮವರಿಗೆ ಇದನ್ನು ಅರ್ಥಮಾಡಿಸಲು ಒಂದೇ ಮಾತು ಸಾಕು: ಪಗಡಿ. ಹಳೆಯ ಚಾಳುಗಳಲ್ಲಿ ಪಗಡಿಯ ಖೋಲಿ ಹಿಡಿದವರು ಹೆಚ್ಚುಕಡಿಮೆ ಕೊಳ್ಳುವಷ್ಟೇ ಹಣ ಮೊದಲೇ ತೆರುತ್ತಿದ್ದರು. ಆದರೂ ಅವರು ಬಾಡಿಗೆದಾರರೇ. ತಿಂಗಳ ಬಾಡಿಗೆ ತಪ್ಪದು. ಬಿಟ್ಟುಹೋಗುವಾಗ ಖೋಲಿಯನ್ನು ಮತ್ತೊಬ್ಬರಿಗೆ ವಹಿಸಿದರೆ ಬಂದ ಹಣದಲ್ಲಿ ಒಡೆಯನಿಗೊಂದು ಪಾಲು. ಆ ಖೋಲಿಗಳಲ್ಲಿ ಬಾಳಿದ ಕುಟುಂಬಗಳು ನಮ್ಮಲ್ಲಿ ಎಷ್ಟಿಲ್ಲ! ಚಾಳಿನಲ್ಲಿ ಇದ್ದದ್ದು ಬಡತನದ ಅನಿವಾರ್ಯ. ಕೋಟಿ ಸುರಿದು ತರುವ ಕಾರಿನಲ್ಲಿಯೂ ಅದೇ ಕರಾರು ಇರುವುದನ್ನು ವೈಭವವೆಂದು ಹೇಗೆ ಕರೆಯುವುದು?

ಮರುಮಾರಾಟದ ಹೋಲಿಕೆ ಅತಿಶಯೋಕ್ತಿ ಎನ್ನುವವರು ಟೆಸ್ಲಾ ಸಂಸ್ಥೆಯ ಮಾಡೆಲ್ ಎಸ್ ಸೆಡಾನಿನ ಕಥೆ ಕೇಳಬೇಕು. ಅಮೆರಿಕದಲ್ಲಿ ಒಬ್ಬರು 2019ರ ಕೊನೆಯಲ್ಲಿ ವ್ಯಾಪಾರಿಯಿಂದ ಈ ಕಾರನ್ನು ಎರಡನೆಯ ಕೈಯಾಗಿ ಕೊಂಡರು. ಮೊದಲ ಮಾಲೀಕರ ಕಾಲದಲ್ಲಿ ಕಾರಿನಲ್ಲಿದ್ದ, 8000 ಡಾಲರು ಬೆಲೆಯ ಚಾಲನಾ ಸಹಾಯದ ಸೌಲಭ್ಯವನ್ನು ಕಂಪನಿ ದೂರದಿಂದಲೇ ತೆಗೆದುಹಾಕಿತ್ತು. 2020ರಲ್ಲಿ ಪತ್ರಿಕೆಗಳಲ್ಲಿ ಸುದ್ದಿಯಾದ ಅನಂತರ ಮರಳಿ ಕೊಟ್ಟಿತು. ಇದಕ್ಕಿಂತ ವಿಚಾರಕ್ಕೀಡುಮಾಡುವುದು 2017ರ ಸೆಪ್ಟೆಂಬರಿನ ಪ್ರಸಂಗ. ಫ್ಲಾರಿಡಾಕ್ಕೆ ಇರ್ಮಾ ಚಂಡಮಾರುತ ಅಪ್ಪಳಿಸಲಿದ್ದಾಗ ಟೆಸ್ಲಾ ಸಂಸ್ಥೆ ಅಲ್ಲಿನ ಕೆಲವು ಕಾರುಗಳು ಒಂದೇ ಸಲದ ಚಾರ್ಜಿನಲ್ಲಿ ಹೆಚ್ಚು ದೂರ ಹೋಗುವಂತೆ ದೂರದಿಂದಲೇ ಮಾಡಿತು. ಹೇಗೆ ಸಾಧ್ಯವಾಯಿತು? ಆ ಕಾರುಗಳಲ್ಲಿ ಇದ್ದದ್ದು 75 ಯೂನಿಟ್ ಹಿಡಿಯುವ ಬ್ಯಾಟರಿ. 60ರ ಬೆಲೆಗೆ ಮಾರಿ, ಉಳಿದದ್ದಕ್ಕೆ ತಂತ್ರಾಂಶದ ಬೀಗ ಹಾಕಲಾಗಿತ್ತು. ಆಪತ್ತಿನಲ್ಲಿ ಬೀಗ ತೆಗೆದದ್ದು ದಯೆಯೇ, ಅಲ್ಲವೆನ್ನುವುದಿಲ್ಲ. ಗಾಳಿ ನಿಂತ ಮೇಲೆ ಬೀಗ ಮತ್ತೆ ಬಿತ್ತು. ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದು ಆಗ ಲೋಕಕ್ಕೆ ತಿಳಿಯಿತು. ಸ್ವಂತ ಕಾರಿನಲ್ಲಿ ಪ್ರಾಣ ಉಳಿಸಿಕೊಳ್ಳಲು ಪರರ ದಯೆ ಬೇಕಾಗುವುದು ಒಡೆತನದ ಲಕ್ಷಣವಲ್ಲ.

ಎರಡನೆಯ ದೂರು ದುರಸ್ತಿಯದು. ಇಕ್ಯೂಎಸ್ ಕಾರಿನ ಬಾನೆಟ್ಟನ್ನು ಮಾಲೀಕರು ತೆರೆಯುವಂತಿಲ್ಲ. ಅದು ಸಂಸ್ಥೆಯ ವರ್ಕ್‌ಷಾಪಿನವರ ಕೆಲಸ. ಗಾಜು ತೊಳೆಯುವ ನೀರು ತುಂಬಲು ಪಕ್ಕದಲ್ಲಿ ಒಂದು ಕಿಂಡಿ ಬಿಟ್ಟಿದ್ದಾರೆ. ದೇವಸ್ಥಾನದಲ್ಲಿ ಗರ್ಭಗುಡಿಗೆ ಪ್ರವೇಶವಿಲ್ಲ, ತೀರ್ಥ ಮಾತ್ರ ಹೊರಗೆ ಎಂಬಂತೆ! ವಿದ್ಯುತ್ ಕಾರಿನಲ್ಲಿ ಅಪಾಯಕರ ವೋಲ್ಟೇಜು ಇರುವುದರಿಂದ ಅನುಭವವಿಲ್ಲದವರು ಕೈ ಹಾಕಬಾರದೆಂಬುದು ಸರಿಯೇ. ಆದರೆ ನುರಿತ ಹೊರಗಿನ ಮೆಕ್ಯಾನಿಕ್ಕನಿಗೂ ಬಾಗಿಲು ಮುಚ್ಚುವುದು ಸುರಕ್ಷತೆಯಲ್ಲ, ವ್ಯಾಪಾರ. ನಮ್ಮ ದೇಶದ ಸ್ಪರ್ಧಾ ಆಯೋಗವೇ 2014ರ ಆಗಸ್ಟಿನಲ್ಲಿ ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ ಕಾರಣಕ್ಕೆ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2545 ಕೋಟಿ ರೂಪಾಯಿ ದಂಡ ವಿಧಿಸಿ ಆದೇಶ ಹೊರಡಿಸಿತ್ತು. ಅದರ ಮೇಲೆ ಮೇಲ್ಮನವಿಗಳಾದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ "ದುರಸ್ತಿಯ ಹಕ್ಕು" ಕುರಿತು ಸಮಿತಿ ರಚಿಸಿದಾಗ ಮೋಟಾರು ವಾಹನಗಳನ್ನೂ ಅದರ ಪಟ್ಟಿಯಲ್ಲಿ ಸೇರಿಸಿತು. ಕಡತ ತೆರೆದಿದೆ ಎಂದಾಯಿತು. ತೆರೆದ ಕಡತ ಮುಂದೆ ಸರಿಯಬೇಕಾದರೆ ಹೊರಗಿನಿಂದ ಜ್ಞಾಪನಪತ್ರಗಳು ಬರುತ್ತಿರಬೇಕು. ಇದು ಕಚೇರಿಯಲ್ಲಿ ಕುಳಿತವರ ಅನುಭವದ ಮಾತು.

ಮೂರನೆಯದು ಪರದೆ. ಇಕ್ಯೂಎಸ್ ಕಾರಿನೊಳಗಿನ ಗಾಜಿನ ಪರದೆಯ ಅಗಲ 141 ಸೆಂಟಿಮೀಟರು. ನೋಡಲು ಸೊಗಸೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಣ್ಣಿರಬೇಕಾದದ್ದು ರಸ್ತೆಯ ಮೇಲೆ. ಗುಂಡಿಯನ್ನು ಬೆರಳು ಕತ್ತಲೆಯಲ್ಲಿಯೂ ತಡವಿ ಗುರುತಿಸುತ್ತದೆ. ನುಣುಪಾದ ಗಾಜಿನ ಮೇಲೆ ಬೆರಳಿಗೆ ಗುರುತು ಯಾವುದು? 2022ರಲ್ಲಿ ಸ್ವೀಡನ್ನಿನ ಒಂದು ಮೋಟಾರು ಪತ್ರಿಕೆ 11 ಹೊಸ ಕಾರುಗಳನ್ನೂ 2005ರ ಒಂದು ಹಳೆಯ ವೋಲ್ವೊವನ್ನೂ ಪರೀಕ್ಷೆಗೆ ಇಟ್ಟಿತು. ಗಂಟೆಗೆ 110 ಕಿಲೋಮೀಟರು ವೇಗದಲ್ಲಿ ಹೋಗುತ್ತ ಆಸನ ಬಿಸಿ ಮಾಡುವುದು, ರೇಡಿಯೋ ಕೇಂದ್ರ ಹಿಡಿಯುವುದು ಮುಂತಾದ ನಾಲ್ಕು ಕೆಲಸ ಮಾಡಬೇಕು. ಗುಂಡಿಗಳ ಹಳೆಯ ವೋಲ್ವೊದಲ್ಲಿ ಇವು 10 ಸೆಕೆಂಡಿನಲ್ಲಿ ಮುಗಿದವು; ಕಾರು 306 ಮೀಟರು ಕ್ರಮಿಸಿತ್ತು. ಪರದೆಯ ಕಾರುಗಳಲ್ಲಿ ಕೊನೆಯ ಸ್ಥಾನದ್ದು ತೆಗೆದುಕೊಂಡದ್ದು ಸುಮಾರು 45 ಸೆಕೆಂಡು. ಅಷ್ಟರಲ್ಲಿ ಅದು 1372 ಮೀಟರು ಹೋಗಿತ್ತು. ಹೆಚ್ಚುಕಡಿಮೆ ಒಂದು ಮೈಲಿ ದೂರ ಚಾಲಕನ ಗಮನವನ್ನು ಪರದೆಗೆ ಸೆಳೆಯುವುದಕ್ಕೆ ಮುನ್ನಡೆ ಎಂಬ ಹೆಸರು! ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಯೂರೋಪಿನ ಯೂರೋ ಎನ್‌ಕ್ಯಾಪ್ ಸಂಸ್ಥೆಗೂ ಇದು ಸಾಕಾಗಿ, 2026ರಿಂದ ಪೂರ್ಣ ಅಂಕ ಬೇಕೆಂದರೆ ತಿರುವಿನ ದೀಪ, ಹಾರ್ನು, ವೈಪರು, ಅಪಾಯ ಸೂಚಕ ದೀಪ, ತುರ್ತು ಕರೆ ಇವಕ್ಕೆ ಕೈಗೆ ಸಿಗುವ ಪ್ರತ್ಯೇಕ ಗುಂಡಿ ಅಥವಾ ಸನ್ನೆ ಇರಬೇಕೆಂದು ಗೊತ್ತುಮಾಡಿದೆ.

ನಾಲ್ಕನೆಯದು ಎಲ್ಲಕ್ಕಿಂತ ಗಂಭೀರ. ಈ ಕಾರುಗಳಿಗೆ ಕಿವಿಯಿದೆ, ಕಣ್ಣಿದೆ, ನೆನಪಿದೆ. 2023ರಲ್ಲಿ ಮೊಜಿಲ್ಲಾ ಪ್ರತಿಷ್ಠಾನ 25 ಕಾರು ಸಂಸ್ಥೆಗಳ ಗೋಪ್ಯತೆಯ ಕರಾರುಗಳನ್ನು ಓದಿ ನೋಡಿ, ಒಂದೂ ಉತ್ತೀರ್ಣವಾಗಲಿಲ್ಲವೆಂದು ತೀರ್ಪಿತ್ತಿತು. ಅವುಗಳಲ್ಲಿ 19 ಸಂಸ್ಥೆಗಳ ಕರಾರಿನಲ್ಲಿ ಗಿರಾಕಿಯ ಮಾಹಿತಿಯನ್ನು ಮಾರಬಹುದೆಂದೇ ಇತ್ತು. ಮಾರಿದರೆ ಏನಾದೀತು ಎನ್ನುವಿರಾ? ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ ತನ್ನ ಕಾರುಗಳು ಎಲ್ಲಿವೆ ಎಂಬುದನ್ನು ಮೂರು ಸೆಕೆಂಡಿಗೊಮ್ಮೆ ಎಂಬಷ್ಟು ಆಗಾಗ ಸಂಗ್ರಹಿಸಿ, ಚಾಲನೆಯ ರೀತಿನೀತಿಗಳ ವಿವರವನ್ನು ಮಾರಿತೆಂದೂ ಅದು ವಿಮಾ ಸಂಸ್ಥೆಗಳ ಬಳಕೆಗೆ ಹೋಯಿತೆಂದೂ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆಪಾದಿಸಿ 2025ರ ಜನವರಿಯಲ್ಲಿ ಕ್ರಮ ಕೈಗೊಂಡಿತು. ಹಳೆಯ ಕಾಲದಲ್ಲಿ ಸಾರಥಿ ಮನೆಯ ಗುಟ್ಟು ಹೊರಗೆ ಆಡಿದರೆ ಕೆಲಸ ಕಳೆದುಕೊಳ್ಳುತ್ತಿದ್ದ. ಈಗ ರಥವೇ ಚಾಡಿ ಹೇಳುತ್ತದೆ. ಅದಕ್ಕೆ ಪೆಟ್ರೋಲೋ ವಿದ್ಯುತ್ತೋ ನಾವೇ ಹಾಕಬೇಕು!

ಇದಕ್ಕೆ ಸಿದ್ಧ ಉತ್ತರವೊಂದಿದೆ: "ಬೇಡವಾದರೆ ಕೊಳ್ಳಬೇಡಿ." ಈ ಉತ್ತರ ಎರಡು ಕಾರಣಗಳಿಂದ ನಿಲ್ಲದು. ಒಂದು, ನಾವು ಮೊದಲೇ ಹೇಳಿದಂತೆ ಮೇಲಿನದು ಕೆಳಗೆ ಇಳಿಯುತ್ತದೆ, ಎ.ಬಿ.ಎಸ್. ಇಳಿಯಲು ನಲವತ್ತು ವರ್ಷ ಬೇಕಾಯಿತು, ಚಂದಾ ಇಳಿಯಲು ಅಷ್ಟು ಕಾಲ ಬೇಡ. ಹತ್ತು ಹದಿನೈದು ಲಕ್ಷದ ಕಾರುಗಳಲ್ಲಿಯೂ ಮೊಬೈಲಿನಿಂದ ಕಾರನ್ನು ನಿಯಂತ್ರಿಸುವ ಸೌಲಭ್ಯ ಮೊದಲ ಕೆಲವು ವರ್ಷ ಪುಕ್ಕಟೆ, ಅನಂತರ ಶುಲ್ಕ ಎಂಬ ಪದ್ಧತಿ ಆಗಲೇ ಬಂದಿದೆ. ಹಿಂಜವಡಿಯ ಕಂಪನಿಗಳಲ್ಲಿ ದುಡಿಯುವ ನಮ್ಮ ಮಕ್ಕಳು ಏಳು ವರ್ಷದ ಸಾಲಕ್ಕೆ ಸಹಿ ಹಾಕುವಾಗ ಮೂರನೆಯ ವರ್ಷ ಏನು ನಿಲ್ಲುತ್ತದೆ ಎಂದು ಕೇಳುತ್ತಿದ್ದಾರೆಯೇ? ನಕಾಶೆಯನ್ನು ನಿತ್ಯ ತಿದ್ದಿ ಕಳುಹಿಸುವಂಥ ನಿಜವಾದ ಕೆಲಸಕ್ಕೆ ಶುಲ್ಕ ಕೇಳಿದರೆ ಕೊಡೋಣ. ಕಾರಿನೊಳಗೆ ಆಗಲೇ ಇರುವ ತಂತಿಗೆ, ಗಾಲಿಗೆ, ಬ್ಯಾಟರಿಗೆ ಕೊಡುವುದು ಬೇಡ.

ಎರಡನೆಯದು ಬೊಕ್ಕಸದ ಮಾತು. ವಿದ್ಯುತ್ ವಾಹನಗಳ ಮೇಲಿನ ಜಿ.ಎಸ್.ಟಿ.ಯನ್ನು 2019ರ ಆಗಸ್ಟ್ 1ರಿಂದ ಶೇಕಡಾ 12ರಿಂದ 5ಕ್ಕೆ ಇಳಿಸಲಾಯಿತು. ಹೊಗೆ ಕಡಿಮೆಯಾಗಲೆಂಬ ಉದ್ದೇಶ ಒಳ್ಳೆಯದೇ. ಆದರೆ ವಾಹನದ ಬೆಲೆಗೆ ಮಿತಿ ಹಾಕಲಿಲ್ಲ. ಅದೇ ಕಾಲದಲ್ಲಿ ಕಾಲಿನಿಂದ ತುಳಿಯುವ ಬೈಸಿಕಲ್ಲಿನ ಮೇಲೆ ತೆರಿಗೆ ಶೇಕಡಾ 12. ಅಂದರೆ ಹಾಲು ಹಾಕುವವನ ಸೈಕಲ್ಲಿಗೆ 12, ಒಂದೂವರೆ ಕೋಟಿಯ ವಿದ್ಯುತ್ ಸೆಡಾನಿಗೆ 5! ಈ ವಿಚಿತ್ರ ಆರು ವರ್ಷ ನಡೆಯಿತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿಗೂ 5 ಆಯಿತು. ಈಗ ಹಾಲಿನವನೂ ಕೋಟ್ಯಧೀಶನೂ ಸಮಾನರು. ಪೆಟ್ರೋಲಿನ ದೊಡ್ಡ ಕಾರಿಗಾದರೆ ಅಂದಿನಿಂದ ಶೇಕಡಾ 40. ಈ ವ್ಯತ್ಯಾಸದ ಹಣವನ್ನು ಬಿಟ್ಟುಕೊಟ್ಟದ್ದು ಸಾರ್ವಜನಿಕ ಬೊಕ್ಕಸ. ಹಾಗಿರುವಾಗ ಇಂಥ ಕಾರುಗಳು ಕೊಂಡವರಿಗೆ ಪೂರ್ಣವಾಗಿ ಸೇರಬೇಕೆಂದು ಕೇಳುವ ಹಕ್ಕು ಸರಕಾರಕ್ಕಿದೆ. ಕೇಳಿ ಎಂದು ಸರಕಾರಕ್ಕೆ ಹೇಳುವ ಹಕ್ಕು ನಮಗಿದೆ.

ಕಾರು ಕಟ್ಟುವ ಎಂಜಿನಿಯರುಗಳ ಮೇಲೆ ನಮಗೆ ಕೋಪವಿಲ್ಲ. ಮರ್ಸಿಡಿಸ್ ಸಂಸ್ಥೆ ಜರ್ಮನಿಯ ಹೊರಗೆ ಹೊಂದಿರುವ ಅತಿ ದೊಡ್ಡ ಸಂಶೋಧನಾ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲಿಯೇ, 1996ರಿಂದ. ಗಾಳಿಯನ್ನು ಇಕ್ಯೂಎಸ್‌ನಷ್ಟು ಕಡಿಮೆ ತಡೆಯೊಂದಿಗೆ ಸೀಳಿಕೊಂಡು ಹೋಗುವ ಕಾರುಗಳು ಲೋಕದಲ್ಲಿ ಬೆರಳೆಣಿಕೆಯವು. ಆ ಬುದ್ಧಿಗೆ ನಮಸ್ಕಾರ. ನಮ್ಮ ತಕರಾರಿರುವುದು ಆ ಬುದ್ಧಿಗೆ ಬೀಗ ಜಡಿದು ಚಿಲ್ಲರೆಯಾಗಿ ಬಾಡಿಗೆಗೆ ಬಿಡುವ ವ್ಯಾಪಾರನೀತಿಯಲ್ಲಿ.

ಆದ್ದರಿಂದ ನಮ್ಮ ಸಂಘದ ಕುಟುಂಬಗಳಲ್ಲಿ ಕಾರು ಕೊಳ್ಳುವವರು, ಅದು ಎಂಟು ಲಕ್ಷದ್ದಿರಲಿ, ಕೋಟಿಯದಿರಲಿ, ಮುಂಗಡ ಕೊಡುವ ಮೊದಲು ನಾಲ್ಕು ವಿಷಯ ಬರವಣಿಗೆಯಲ್ಲಿ ಕೇಳಬೇಕೆಂದು ವಿನಂತಿ. ಯಾವ ಯಾವ ಸೌಲಭ್ಯ ಎಷ್ಟು ವರ್ಷದ ಮೇಲೆ ಶುಲ್ಕವಿಲ್ಲದೆ ನಿಲ್ಲುತ್ತದೆ? ಮಾರಿದರೆ ಅವು ಎರಡನೆಯವರಿಗೆ ಸಲ್ಲುತ್ತವೆಯೇ? ವಾರಂಟಿ ಮುಗಿದ ಮೇಲೆ ಹೊರಗಿನ ಗ್ಯಾರೇಜಿಗೆ ಬಿಡಿಭಾಗವೂ ಪರೀಕ್ಷಾ ಉಪಕರಣವೂ ದೊರೆಯುತ್ತವೆಯೇ? ನಮ್ಮ ಓಡಾಟದ ಯಾವ ವಿವರ ಎಲ್ಲಿಗೆ ಹೋಗುತ್ತದೆ?

ಕೊನೆಯ ಪ್ರಶ್ನೆಗೆ ಉತ್ತರವನ್ನು ಕನ್ನಡದಲ್ಲಿಯೇ ಕೇಳಬಹುದೆಂಬುದು ಹೊರನಾಡಿನ ನಮಗೆ ವಿಶೇಷ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ, ಮಾಹಿತಿ ಪಡೆಯುವವರು ಕೊಡಬೇಕಾದ ಸೂಚನಾಪತ್ರವನ್ನು ಇಂಗ್ಲಿಷಿನಲ್ಲಿ ಇಲ್ಲವೆ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗಿರಬೇಕೆನ್ನುತ್ತದೆ. ಕನ್ನಡ ಆ ಅನುಸೂಚಿಯಲ್ಲಿದೆ. ನಾವು ಪುಣೆಯಲ್ಲಿರಲಿ, ದಿಲ್ಲಿಯಲ್ಲಿರಲಿ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಈ ಬಾಧ್ಯತೆಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಕೇಳುವವರಿಲ್ಲದಿದ್ದರೆ ಕನ್ನಡದ ಪ್ರತಿ ಯಾವ ಷೋರೂಮಿನಲ್ಲಿಯೂ ಇರುವುದಿಲ್ಲ. ಕೇಳಲು ಈಗಿನಿಂದಲೇ ಅಭ್ಯಾಸ ಮಾಡೋಣ.

ಇನ್ನು "ಮಾಲೀಕರ ಅನಿಸಿಕೆ" ಬರೆಯುವ ಶ್ರೀಮಂತ ಬಂಧುಗಳಲ್ಲಿ ಒಂದು ಬಿನ್ನಹ. ಮೊದಲ ತಿಂಗಳಲ್ಲಿ ಬರೆಯಬೇಡಿ. ಉಚಿತ ಅವಧಿ ಮುಗಿದು, ವಾರಂಟಿ ತೀರಿ, ಮೊದಲ ದೊಡ್ಡ ದುರಸ್ತಿಯ ಬಿಲ್ಲು ಬಂದ ಮೇಲೆ ಬರೆಯಿರಿ. ಆಗಲೂ ಆ ಪರದೆ ಸೊಗಸಾಗಿ ಕಂಡರೆ ನಾವು ಸಂತೋಷದಿಂದ ಓದುತ್ತೇವೆ.

1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ ಗೇಣಿ ಪದ್ಧತಿಗೆ ಕೊನೆ ಹಾಡಿದಾಗ, ದೇವರಾಜ ಅರಸರ ಸರಕಾರದ ಆ ಕಾಯಿದೆಯಿಂದ ಭೂಮಿ ಪಡೆದವರ ಮಕ್ಕಳು, ಕಳೆದುಕೊಂಡವರ ಮಕ್ಕಳು, ಇಬ್ಬರೂ ನಮ್ಮ ಸಂಘದಲ್ಲಿದ್ದೇವೆ. ಒಡೆತನವೆಂದರೇನು, ಗೇಣಿಯೆಂದರೇನು ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಳುವವನೇ ಹೊಲದೊಡೆಯ ಎಂದು ಸಾರಿದ ನಾಡಿನವರು ನಾವು. ಬೆಲೆ ತೆತ್ತು ಕೊಂಡವನೇ ಕಾರಿನೊಡೆಯ ಎಂಬಷ್ಟು ಸಣ್ಣ ಮಾತನ್ನು ಗಟ್ಟಿಯಾಗಿ ಹೇಳಲು ಹಿಂಜರಿಯಬೇಕಾಗಿಲ್ಲ.